ಸಿಕ್ಕು ಬಿಡಿಸಿದ ಇಂಗ್ಲಿಷ್ ಪುಸ್ತಕ

ಅಟ್ಟ ಗುಡಿಸುತ್ತಿದ್ದ ಮೊಮ್ಮಗಳು ಒಂದು ದಪ್ಪ ಪುಸ್ತಕ ಕೆಳಗಿಳಿಸಿದಳು. ಅದರಿಂದ ಬೇಯಿಸಿದ ರೇಷ್ಮೆಗೂಡಿನ ನಾತ ಬಂತು. ನಾತವೇ ಸರಿ, ಪರಿಮಳ ಎನ್ನಲಾರೆ.

"ರದ್ದಿಗೆ ಹಾಕ್ಲಾ ಅಜ್ಜಿ?"

ಕಿತ್ತುಕೊಂಡೆ. ಅದು ಇಂಗ್ಲಿಷ್ ಪತ್ತೇದಾರಿ ಕಥೆಗಳ ಪುಸ್ತಕ. ನಾನು ಓದಿದ್ದು ಮೂರನೇ ಕ್ಲಾಸು, ಅದರ ಒಂದಕ್ಷರವೂ ನನಗೆ ಬಾರದು. ಆದರೂ ಅದರೊಳಗಿನ ಕಳ್ಳರೆಲ್ಲ ನನಗೆ ಪರಿಚಯ, ಕೊನೆಯ ಕಥೆಯವನೊಬ್ಬನನ್ನು ಬಿಟ್ಟು.

ಆಗ ವಿಜಯಪುರದ ನಮ್ಮ ಇದೇ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಚರಕ ಇದ್ದವು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಎದುರುಮನೆ ಮುನಿಯಮ್ಮ ರೇಷ್ಮೆ ನೂಲು ತೆಗೆಯುತ್ತಿದ್ದೆವು. ಕಾಲೇಜಿಗೆ ಹೋಗುತ್ತಿದ್ದ ನಾದಿನಿ ಶಾರದ ರಜೆಯಲ್ಲಿ ಬಾಗಿಲ ಬಳಿ ಕೂತು ಈ ಕಥೆಗಳನ್ನು ಕನ್ನಡ ಮಾಡಿ ಹೇಳುತ್ತಿದ್ದಳು. ಮಂಜು ಕವಿದ ಊರು, ದೊಡ್ಡ ಬಂಗಲೆ, ಅದರಲ್ಲೊಂದು ಹೆಣ. ಅರ್ಧಕ್ಕೇ ನಾನು "ಅಡುಗೆಯೋಳೇ ಕಣೇ" ಎಂದು ತೀರ್ಪು ಕೊಟ್ಟುಬಿಡುತ್ತಿದ್ದೆ. ಒಂದು ಸಲವೂ ಸರಿಹೋಗಲಿಲ್ಲ.

ಆ ಬೇಸಿಗೆಯಲ್ಲಿ ನನ್ನವ್ವ ಕೊಟ್ಟ ಕಿವಿಯೋಲೆ ಒಂದು ಕಳೆಯಿತು. ಅಂದು ಶೆಡ್ಡಿನಲ್ಲಿ ಇದ್ದವರು ನಾನು, ಮುನಿಯಮ್ಮ ಇಬ್ಬರೇ. ಬೀದಿಯಲ್ಲಿ ನಿಂತು, ನಾಲ್ಕು ಜನರ ಮುಂದೆ ಮುನಿಯಮ್ಮನನ್ನು ಕಳ್ಳಿ ಎಂದೆ. ಅವಳು ಸೆರಗು ಕೊಡವಿ ತೋರಿಸಿ, ಮನೆಗೆ ಹೋದಳು. ಹದಿನೈದು ದಿನ ಅವಳ ಚರಕ ತಿರುಗಲಿಲ್ಲ.

ಶಾರದ ಇನ್ನೊಂದು ಕಥೆ ಹೇಳಿದಳು. ಹರಳಿನ ಒಡವೆ ಕಳೆದಿದೆ, ಮನೆಯವರೆಲ್ಲ ಆಳಿನ ಮೇಲೆ ಬಿದ್ದಿದ್ದಾರೆ. ಪತ್ತೇದಾರ ಮಾತ್ರ ಯಾರು ಕದ್ದರು ಎಂದು ಕೇಳಲೇ ಇಲ್ಲ. ಕಳೆದುಕೊಂಡಾಕೆಯ ಕೈ ಅಂದು ಎಲ್ಲೆಲ್ಲಿ ಓಡಾಡಿತು ಎಂದಷ್ಟೇ ಕೇಳಿದ.

ನನ್ನ ಕೈ ಗೂಡು ಬೇಯುವ ಬಾಣಲೆಯ ಮೇಲೇ ನಿಂತಿತು. ಬೆಂದ ಗೂಡಿನಲ್ಲಿ ನಾವು ಎಳೆ ಹುಡುಕುವುದೂ ಹಾಗೇ. ಮೊದಲು ಕೈಗೆ ಬರುವುದೆಲ್ಲ ಬರೀ ಸಿಕ್ಕು. ಅದನ್ನು ಕಿತ್ತು ಹಾಕಿದ ಮೇಲೇ ನಿಜವಾದ ತುದಿ. ರೇಷ್ಮೆಗೂಡನ್ನೇ ಕಾಣದ ಆ ಪತ್ತೇದಾರ ದೊರೆಗೆ ಇದು ಹೇಗೆ ತಿಳಿಯಿತೋ.

ಓಲೆ ಕಳೆದ ದಿನವೂ ಹಬೆಗೆ ನನಗೆ ಕಿವಿ ತುರಿಸುತ್ತಿತ್ತು. ತುರಿಸಿಕೊಂಡ ಕೈಯಲ್ಲೇ ಸಿಕ್ಕು ಕಿತ್ತು ಗೋಡೆಯ ಮೊಳೆಗೆ ಹಾಕುತ್ತಿದ್ದೆ. ಎದ್ದು, ಅಲ್ಲಿ ಒಣಗಿದ್ದ ಸಿಕ್ಕಿನ ಗಂಟನ್ನು ಬಿಡಿಸಿದೆ. ತುರಿಸುವಾಗ ಕಳಚಿ ಬಂದ ಓಲೆ ಅದರೊಳಗೇ ಇತ್ತು.

ಮುನಿಯಮ್ಮನ ಬಾಗಿಲಿಗೆ ಹೋದೆ.

"ಓಲೆ ಸಿಕ್ತು. ತಪ್ಪಾಯ್ತು ಕಣೇ, ನಾಳೆಯಿಂದ ಬಾ."

"ಸಿಗದೇ ಇದ್ದಿದ್ರೆ?"

ಅಂಗೈಯ ಓಲೆಯನ್ನು ಮುಂದೆ ಹಿಡಿದೆ, ಅವಳು ಅದರತ್ತ ನೋಡದೆ ಅಂದಳು:

"ಬರ್ತೀನಿ. ಕಳ್ಳಿ ಅಂದಾಗ ಎಷ್ಟು ಗಟ್ಟಿಯಾಗಿ ಅಂದ್ಯೋ, ಈಗ್ಲೂ ಅಷ್ಟೇ ಗಟ್ಟಿಯಾಗಿ ಹೇಳು."

ಬೀದಿಯಲ್ಲಿ ನಿಂತು ಹೇಳಿದೆ. ಅವಳು ಬಂದಳು.

ಆ ವರ್ಷವೇ ಶಾರದ ಗಂಡನ ಮನೆಗೆ ಹೋದಳು, ಕೊನೆಯ ಕಥೆ ಉಳಿದುಹೋಯಿತು. ಇವತ್ತು ಮುನಿಯಮ್ಮನನ್ನು ಕೂಗಿ ಕರೆದೆ. ಮೊಮ್ಮಗಳು ಆ ಕಥೆಯನ್ನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದವಳು, ನಡುವೆ ನಿಲ್ಲಿಸಿದಳು.

"ಕಳ್ಳ ಯಾರಿರ್ಬೋದು, ಹೇಳಜ್ಜಿ?"

ಎಲೆಯಡಿಕೆ ಕುಟ್ಟುತ್ತಿದ್ದ ಮುನಿಯಮ್ಮ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಪೂರ್ತಿ ಓದು," ಎಂದೆ.