ಎಂಟು ಪೀಪಾಯಿಗಳ ವಿಸ್ಕಿ

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳಲ್ಲಿ, ಮಾಗಡಿ ರಸ್ತೆಯಲ್ಲಿ ಹೆಗ್ಗನಹಳ್ಳಿ ದಾಟಿದ ಮೇಲೆ ವಿಸ್ಕಿ ಇಳಿಸುವ ಒಂದು ಸಣ್ಣ ಡಿಸ್ಟಿಲರಿ ಇತ್ತು. ಈಗ ಅದಿಲ್ಲ. ಅದರ ಲ್ಯಾಬಿನಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ವಿಜಯನಗರದ ನಮ್ಮ ಬೀದಿಯಲ್ಲಿ ಅಮ್ಮ ಎಲ್ಲರಿಗೂ ‘ಕೆಮಿಕಲ್ ಫ್ಯಾಕ್ಟರಿ’ ಎಂದು ಹೇಳಿಕೊಂಡಿದ್ದಳು. ಮಗಳು ದಿನಾ ಬೆಳಿಗ್ಗೆ ಹನ್ನೊಂದಕ್ಕೆ ವಿಸ್ಕಿ ಬಾಯಿಗೆ ಹಾಕಿ ಉಗುಳುತ್ತಾಳೆ ಎಂದು ಹೇಗೆ ತಾನೇ ಹೇಳಿಯಾಳು.

ನನಗೆ ಕೆಲಸ ಕಲಿಸಿದವರು ಅಲ್ಲಿನ ಮುಖ್ಯ ಬ್ಲೆಂಡರ್. ಯಾವ ಪೀಪಾಯಿ ಹದಕ್ಕೆ ಬಂದಿದೆ, ಯಾವುದನ್ನು ಯಾವುದರ ಜೊತೆ ಬೆರೆಸಬೇಕು ಎಂದು ಮೂಗಿನಿಂದಲೇ ತೀರ್ಮಾನಿಸುವ ಕೆಲಸ ಅವರದು. ನಾವೆಲ್ಲ ಅವರನ್ನು ಸಾರ್ ಎನ್ನುತ್ತಿದ್ದೆವು. ಐವತ್ತೈದು ದಾಟಿತ್ತು. ಹಣೆಗೆ ವಿಭೂತಿ ಇಟ್ಟುಕೊಂಡು ರಾಜಾಜಿನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಮನೆಯಲ್ಲಾಗಲಿ ಮದುವೆ ಮುಂಜಿಗಳಲ್ಲಾಗಲಿ ಒಂದು ಹನಿ ಮುಟ್ಟಿದವರಲ್ಲ.

ಹೊಗೆಯ ವಾಸನೆ ತುಂಬಿದ ಒಂದು ಸಿಂಗಲ್ ಮಾಲ್ಟ್, ಅಂದರೆ ಮೊಳೆತ ಬಾರ್ಲಿಯೊಂದರಿಂದಲೇ ಇಳಿಸಿದ ವಿಸ್ಕಿ, ಮಾಡಬೇಕೆಂಬುದು ಅವರ ಬಹುದಿನದ ಆಸೆ. ಚಳಿದೇಶಗಳ ಜೌಗು ನೆಲದಲ್ಲಿ ಪಾಚಿ, ಹುಲ್ಲು ಸಾವಿರಾರು ವರ್ಷ ಕೊಳೆತು ಗಟ್ಟಿಯಾದದ್ದಕ್ಕೆ ಪೀಟ್ ಎನ್ನುತ್ತಾರೆ. ಅದನ್ನು ಉರಿಸಿ, ಆ ಹೊಗೆಯಲ್ಲಿ ಒಣಗಿಸಿದ ಬಾರ್ಲಿಯನ್ನು ತರಿಸಿ ನಾವು ವಿಸ್ಕಿ ಇಳಿಸಿದ್ದೆವು. ಅದು ಮೂರು ವರ್ಷ ಸಾಧಾರಣ ಪೀಪಾಯಿಗಳಲ್ಲಿ ಮಲಗಿತ್ತು. ಕೊನೆಯ ಕೆಲವು ತಿಂಗಳು ಅದನ್ನು, ವೈನಿನ ರುಚಿ ಹಿಡಿಯಲೆಂದು, ಮೊದಲು ದ್ರಾಕ್ಷಿ ವೈನ್ ತುಂಬಿದ್ದ ಖಾಲಿ ಪೀಪಾಯಿಗಳಲ್ಲಿ ಇಡೋಣ ಎಂದವರು ಅವರೇ. ಅಂಥ ಎಂಟು ಪೀಪಾಯಿ ಬಂದವು.

ಅವನ್ನು ತುಂಬಿಸಿದ ಮರುವಾರ ಸಾರ್ ಜ್ವರ ಬಂದು ಮಲಗಿದರು. ಹದಿನೈದು ದಿನ ಬಿಟ್ಟು ಬಂದಾಗ ಸ್ವಲ್ಪ ಇಳಿದುಹೋಗಿದ್ದರು, ಅಷ್ಟೆ. ಒಂದು ದಿನ ಲ್ಯಾಬಿನಲ್ಲಿ ಅಮೋನಿಯಾ ಸೀಸೆಯ ಮುಚ್ಚಳ ಯಾರೋ ಸರಿಯಾಗಿ ಹಾಕಿರಲಿಲ್ಲ. ನಾನು ಒಳಗೆ ಬಂದವಳೇ ಸೆರಗು ಮೂಗಿಗೆ ಹಿಡಿದೆ. ಸಾರ್ ಅದರ ಪಕ್ಕದಲ್ಲೇ ಕೂತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಯಾಕೆಂದು ತಿಳಿಯದೆ ಒರೆಸಿಕೊಳ್ಳುತ್ತ ಬರೆಯುತ್ತಿದ್ದರು.

“ಸಾರ್, ನಿಮಗೆ ವಾಸನೆ ಬರ್ತಿಲ್ವಾ?”

ಅವರು ಎದ್ದು ಬಾಗಿಲು ಹಾಕಿದರು. “ಜ್ವರ ಬಂದಾಗಿಂದ ಏನೂ ಬರ್ತಿಲ್ಲಮ್ಮ. ವಾಪಸ್ ಬಂದ್ರೂ ಬರಬಹುದು ಅಂತಾರೆ ಡಾಕ್ಟ್ರು. ಯಾರಿಗೂ ಹೇಳ್ಬೇಡ.”

ನಾನು ಹೇಳಲಿಲ್ಲ. ಅಂದಿನಿಂದ ನಾನು ಮೊದಲು ಮೂಸಿ, ಅನಿಸಿದ್ದನ್ನು ಚೀಟಿಯಲ್ಲಿ ಬರೆದು ಅವರ ಲೋಟದ ಕೆಳಗೆ ಇಡುತ್ತಿದ್ದೆ. ಅವರು ಅದನ್ನು ಓದಿ, ತಮ್ಮ ಮಾತಿನಲ್ಲಿ ರಿಜಿಸ್ಟರಿಗೆ ಬರೆಯುತ್ತಿದ್ದರು. ಹೀಗೇ ನಾಲ್ಕು ತಿಂಗಳು ನಡೆಯಿತು. ಗುರುವಿಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಹೆಮ್ಮೆಯೂ ನನಗಿತ್ತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ತಂಗಿಯ ಮದುವೆ ಬಂತು. ನಾನು ಒಂದು ವಾರ ರಜೆ ಕೇಳಿದೆ.

“ಆ ಎಂಟು ಪೀಪಾಯಿ ನಾನು ಬಂದ್ಮೇಲೆ ನೋಡೋಣ ಸಾರ್,” ಎಂದೆ.

“ಹೂಂ ಹೂಂ, ನೀನು ಹೋಗಿ ಬಾ. ನಾನು ನೋಡ್ಕೋತೀನಿ.”

ಮದುವೆ ಮುಗಿಸಿ, ಕೈಯ ಮೆಹಂದಿ ಮಾಸುವ ಮೊದಲೇ ಕೆಲಸಕ್ಕೆ ಹೋದೆ. ಎಂಟೂ ಪೀಪಾಯಿಗಳನ್ನು ಬೆರೆಸಿ ತೊಟ್ಟಿಗೆ ಇಳಿಸಿ ಆಗಿತ್ತು. ಮೇಜಿನ ಮೇಲೆ ನನಗಾಗಿ ಒಂದು ಲೋಟ ಕಾಯುತ್ತಿತ್ತು. ಮೂಗಿಗೆ ಹಿಡಿದೆ. ಮೊದಲು ಹೊಗೆ, ಆಲೆಮನೆಯ ಒಲೆ ಆರಿದ ಮೇಲೆ ಉಳಿಯುವಂಥದ್ದು. ಅದರ ಹಿಂದೆ ಒಣದ್ರಾಕ್ಷಿ, ಸ್ವಲ್ಪ ಲವಂಗ. ಇಷ್ಟು ಚೆನ್ನಾಗಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಕೆಳಗಿನಿಂದ ಇನ್ನೊಂದು ಮೇಲೆದ್ದಿತು. ಉರಿದ ಬೆಂಕಿಕಡ್ಡಿ, ಬೆಂದ ಮೊಟ್ಟೆ. ಗಂಧಕ. ಖಾಲಿ ವೈನ್ ಪೀಪಾಯಿ ಕೆಡದಿರಲೆಂದು ಒಳಗೆ ಗಂಧಕ ಉರಿಸುತ್ತಾರೆ. ಯಾವುದೋ ಒಂದರಲ್ಲಿ ಅದು ಉಳಿದುಬಿಟ್ಟಿತ್ತು. ಆ ಒಂದು, ಉಳಿದ ಏಳನ್ನೂ ಕೆಡಿಸಿತ್ತು.

ಸಾರ್ ನನ್ನ ಮುಖವನ್ನೇ ನೋಡುತ್ತಿದ್ದರು. “ಹೇಳು.”

ನಾನು ಇನ್ನೊಂದು ಸಲ ಮೂಸಿದ ಹಾಗೆ ಮಾಡಿದೆ.

“ಹೇಳೋದು ಬೇಡ ಬಿಡು,” ಎಂದು ಎದ್ದರು. ನೇರ ಮ್ಯಾನೇಜರ್ ಕೋಣೆಗೆ ಹೋದರು. ತಮಗೆ ತಿಂಗಳುಗಳಿಂದ ವಾಸನೆಯೇ ತಿಳಿಯುತ್ತಿಲ್ಲವೆಂದೂ, ಅದನ್ನು ಮುಚ್ಚಿಟ್ಟು ತಾವೊಬ್ಬರೇ ಈ ತಪ್ಪು ಮಾಡಿದ್ದೆಂದೂ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ನಾನೂ ಹೋಗಿ ನನಗೆ ಗೊತ್ತಿತ್ತು ಎನ್ನಲಿಲ್ಲ. ಅವರು ವಾರದೊಳಗೆ ಕೆಲಸ ಬಿಟ್ಟರು. ತಿಂಗಳು ಕಳೆದ ಮೇಲೆ ಅವರ ಕುರ್ಚಿ ನನಗೆ ಬಂತು.

ಮರುವರ್ಷ ಇನ್ನೊಂದಷ್ಟು ವೈನ್ ಪೀಪಾಯಿ ತರಿಸಿ, ಒಂದೊಂದನ್ನೂ ತೊಳೆದು, ಮೂಸಿ, ಸಾಧಾರಣ ಪೀಪಾಯಿಗಳಲ್ಲಿ ಇನ್ನೂ ಉಳಿದಿದ್ದ ಹೊಗೆ ವಿಸ್ಕಿಯನ್ನು ತುಂಬಿಸಿ, ಅದೇ ವಿಸ್ಕಿಯನ್ನು ಮತ್ತೆ ಮಾಡಿದೆವು. ಒಂದು ಭಾನುವಾರ ಮಧ್ಯಾಹ್ನ ಚಿಕ್ಕ ಸೀಸೆಯಲ್ಲಿ ಸ್ಯಾಂಪಲ್ ತೆಗೆದುಕೊಂಡು ರಾಜಾಜಿನಗರದ ಅವರ ಮನೆಗೆ ಹೋದೆ. ಆ ಮನೆಯೊಳಕ್ಕೆ ವಿಸ್ಕಿ ಬಂದದ್ದು ಅದೇ ಮೊದಲಿರಬೇಕು. ಅವರ ಹೆಂಡತಿ ಗಾಜಿನ ಲೋಟ, ನೀರು ತಂದಿಟ್ಟರು.

ಸಾರ್ ಲೋಟವನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದರು. ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದು, ಅರ್ಧಕ್ಕೇ ನಿಲ್ಲಿಸಿ ಒಂದು ಗುಟುಕು ಬಾಯಲ್ಲಿಟ್ಟುಕೊಂಡರು. ಬಹಳ ಹೊತ್ತಿನ ಮೇಲೆ ನುಂಗಿದರು.

“ಉರಿ ಗೊತ್ತಾಗುತ್ತೆ. ಸ್ವಲ್ಪ ಸಿಹಿ. ಅಷ್ಟೇ ಕಣಮ್ಮ. ಉಳಿದಿದ್ದು ನೀನು ಹೇಳು.”

ನಾನು ಹೇಳಿದೆ. ಹೊಗೆ, ಒಣದ್ರಾಕ್ಷಿ, ಹುಣಸೆಹಣ್ಣಿನ ಹುಳಿ, ಕೊನೆಗೆ ಉಪ್ಪು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ಅವತ್ತು ನಾನು ರಜ ಹಾಕಬಾರದಿತ್ತು ಸಾರ್.”

“ತಂಗಿ ಮದುವೆ ಬಿಡಕ್ಕಾಗುತ್ತಾ? ನಾನು ಕಾಯಬೇಕಿತ್ತು.” ಲೋಟವನ್ನು ಕೆಳಗಿಟ್ಟರು. “ಆವತ್ತು ಬೆಳಿಗ್ಗೆ ಪೀಪಾಯಿ ಬಿರಡೆ ತೆಗೆದಾಗ ಹೊಗೆ ಬಂತು ಅನ್ನಿಸ್ತು ಕಣಮ್ಮ. ಮೂಗೊಳಗೆ ಏನೋ ಚುರ್ ಅಂತು. ವಾಸನೆ ವಾಪಸ್ ಬಂತು ಅಂತ ನಂಬಿಬಿಟ್ಟೆ. ಎಷ್ಟು ಖುಷಿ ಆಯ್ತು ಅಂದ್ರೆ, ಎಂಟನ್ನೂ ಬೆರೆಸಿ ಅಂತ ಸೈನ್ ಹಾಕ್ಬಿಟ್ಟೆ.”

ಅವರ ಹೆಂಡತಿ ಲೋಟವನ್ನು ಎತ್ತಿಕೊಂಡರು. ಒಳಗೆ ಒಯ್ಯುತ್ತಾರೆಂದುಕೊಂಡೆ. ಅವರು ಅದನ್ನು ಮೂಗಿಗೆ ಹಿಡಿದು ನಿಂತರು.

“ಕೆಲಸದಿಂದ ಬಂದಾಗ ನಿಮ್ಮ ಶರ್ಟು ಹೀಗೇ ಇರ್ತಿತ್ತು,” ಎಂದರು. “ಮೂಗು ಮುಚ್ಚಿಕೊಂಡೇ ಒಗೀತಿದ್ದೆ.”

ಸಾರ್ ನಗಲು ನೋಡಿದರು, ಆಗಲಿಲ್ಲ. ಮುಖ ತಿರುಗಿಸಿಕೊಂಡು ಕಿಟಕಿಯ ಕಡೆ ನೋಡುತ್ತ ಕೂತರು. ಅವರ ಹೆಂಡತಿ ನನ್ನನ್ನು ಊಟಕ್ಕೆ ಎಬ್ಬಿಸಿದರು.

ಅವರಿಗೆ ವಾಸನೆ ಮತ್ತೆ ಬರಲೇ ಇಲ್ಲ. ಆಮೇಲೆ ಎರಡು ಮೂರು ಸಲ ಹೋಗಿ ಬಂದೆ. ಬರಬರುತ್ತ ಅದು ಬರೀ ಫೋನಾಯಿತು. ಒಂದು ದಿನ ಅವರ ಹೆಂಡತಿಯೇ ಫೋನ್ ಮಾಡಿ, ಸಾರ್ ಹೋಗಿ ಹನ್ನೊಂದು ದಿನವಾಯಿತು, ಯಾರಿಗೂ ಹೇಳಲಾಗಲಿಲ್ಲ ಎಂದರು. ನನಗೂ ಎಲ್ಲ ಗೊತ್ತಿತ್ತು ಎಂದು ಆ ಮ್ಯಾನೇಜರಿಗೆ ನಾನು ಕೊನೆಯವರೆಗೂ ಹೇಳಲಿಲ್ಲ.