ಹಸಿರು ಬಿಡದ ಮುಳ್ಳು

ಮೊನ್ನೆ ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಕಿಟಕಿಯಿಂದ ಒಂದು ವಾಸನೆ ಬಂತು. ಕಾದ ಎಣ್ಣೆ, ಅದರ ಜೊತೆ ಸುಟ್ಟ ಹೊಟ್ಟು. ಕಟಕೋಳದ ನಮ್ಮ ಓಣಿಯಲ್ಲಿ ಯಾರೋ ಹಳೆಯ ಏರ್‌ಕೂಲ್ ಟ್ರ್ಯಾಕ್ಟರನ್ನು ಚಾಲೂ ಮಾಡಿದ್ದರು. ಹಂಚಿನ ಮೇಲಿನ ರೊಟ್ಟಿ ಸೀದದ್ದೂ ನನಗೆ ತಿಳಿಯಲಿಲ್ಲ. ಅಕ್ಕ ನೆನಪಾದಳು... ಒಡಹುಟ್ಟಿದವಳಲ್ಲ, ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ.

ಭಾವ ತೀರಿಕೊಂಡಾಗ ಆಕೆಗೆ ಉಳಿದದ್ದು ಅವರ ಪಾಲಿನ ಎರೆಹೊಲ ಮತ್ತು ಅಂಥದೇ ಒಂದು ಟ್ರ್ಯಾಕ್ಟರ್. ಮಕ್ಕಳಿರಲಿಲ್ಲ. ದಿನಕರ್ಮ ಮುಗಿದು ನೆಂಟರಿನ್ನೂ ಪಡಸಾಲೆಯಲ್ಲಿ ಕೂತಿದ್ದಾಗಲೇ ನನ್ನ ಗಂಡ ಹೊಲದ ಮಾತು ತೆಗೆದ. ಗಂಡನನ್ನು ಬಹುವಚನದಲ್ಲಿ ಬರೆಯಬೇಕು ಅನ್ನುತ್ತಾರೆ, ನಾನು ಬರೆಯುವುದಿಲ್ಲ. ಇನ್ನು ಮುಂದೆ ಆ ಹೊಲ ತಾನೇ ಮಾಡುತ್ತೇನೆ ಅಂದ. ಅಕ್ಕ ಸೆರಗು ಸರಿಮಾಡಿಕೊಂಡು ಎಲ್ಲರ ಎದುರಿಗೇ ಹೇಳಿದಳು:

"ಟ್ರ್ಯಾಕ್ಟರ್ ನಡ್ಯೂತನಕಾ ನನ್ನ ಹೊಲಾ ನಾನ ಮಾಡತೇನಿ ತಮ್ಮಾ. ಅದು ನಿಂತ ದಿನಾ ನಿನಗ ಕೊಡತೇನಿ."

ಆ ಎಂಜಿನ್ನಿಗೆ ನೀರಿಲ್ಲ, ರೇಡಿಯೇಟರ್ ಇಲ್ಲ, ಗಾಳಿಯಿಂದಲೇ ತಣ್ಣಗಾಗಬೇಕು. ಧೂಳು, ಹೊಟ್ಟು ಅಡರಿದರೆ ಕಾದು ಕೆಂಡವಾಗುತ್ತದೆ. ಅಕ್ಕ ಒಂದು ಸುತ್ತು ಉಳುಮೆ ಮುಗಿಸಿ ಬದುವಿಗೆ ಬಂದಾಗ ಕೆಳಗಿಳಿದು, ನೀರಿನ ತಂಬಿಗೆಯಲ್ಲಿ ಬೆರಳು ಅದ್ದಿ ಎಂಜಿನ್ನಿನ ಮೇಲೆ ಹನಿ ಸಿಡಿಸುತ್ತಿದ್ದಳು. ಹನಿ ಚುರ್ ಎಂದು ಅಲ್ಲೇ ಆರಿದರೆ ಮತ್ತೆ ಹತ್ತುವುದು. ಪುಟಿದು ಹಾರಿದರೆ ಮಿತಿಮೀರಿ ಕಾದಿದೆ ಎಂದು ಬೇವಿನ ನೆರಳಿಗೆ ನಿಲ್ಲಿಸಿ ಕೂಡುವುದು. ನೋಡುವ ಗಂಡಸರಿಗೆ ಅದೇ ಹಬ್ಬ. "ಎಂಜಿನ್ನಿಗೆ ಅಭಿಷೇಕ ನಡದೈತೇನ್ರೆವಾ?" ಅಂತ ಕೂಗುತ್ತಿದ್ದರು.

ಕೇಳಿ ಕೇಳಿ ಆಕೆಗೆ ನಾಚಿಕೆಯಾಯಿತು. ಆಗ ನನ್ನ ಗಂಡ ರಾಮದುರ್ಗದಿಂದ ಬಿಸಿ ತೋರಿಸುವ ಮೀಟರ್ ತಂದು ತಾನೇ ಕೂಡಿಸಿಕೊಟ್ಟ. ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಹೊಡೆಯಬೇಕು, ಕೆಂಪಿಗೆ ಬಂದರೆ ನಿಲ್ಲಿಸಬೇಕು.

"ಇನ್ನ ನೀರ ಸಿಡಸೂದ ಬಿಡ್ರಿ ವೈನಿ, ಮಂದಿ ನಗತಾರ," ಅಂದ.

ನನ್ನ ಮೈದುನ ಬಂಗಾರದಂಥವನು ಅಂತ ಅಕ್ಕ ಊರೆಲ್ಲ ಹೇಳಿಕೊಂಡು ಬಂದಳು. ನಾನೂ ಹಿಗ್ಗಿದೆ, ಸುಳ್ಳೇಕೆ.

ಆ ಬೇಸಿಗೆಯ ಉಳುಮೆಯಲ್ಲಿ ಮುಳ್ಳು ಹಸಿರು ಬಿಟ್ಟು ಹೊರಗೆ ಬರಲಿಲ್ಲ. ಮಧ್ಯಾಹ್ನ ತುಸು ಏರುತ್ತಿತ್ತು, ಸಂಜೆ ಇಳಿಯುತ್ತಿತ್ತು. ಅಕ್ಕ ಅದನ್ನು ನಂಬಿ ನೆರಳಿಗೆ ನಿಲ್ಲಿಸುವುದನ್ನೇ ಬಿಟ್ಟಳು. ಒಂದು ಮಧ್ಯಾಹ್ನ ನಡುಹೊಲದಲ್ಲಿ ಎಂಜಿನ್ ಕಿರ್ರೆಂದು ಹಿಡಿದುಕೊಂಡು ನಿಂತಿತು. ಪಿಸ್ಟನ್ ಅಂಟಿಹೋಗಿತ್ತು. ನನ್ನ ಗಂಡ ಓಡಿಬಂದು ಚಕ್ರಕ್ಕೆ ತಲೆಯಾನಿಸಿ ಅತ್ತ.

"ಅಣ್ಣನ ನೆನಪಂತ ಇದೊಂದ ಇತ್ತಲ್ರಿ ವೈನಿ..."

ಅಕ್ಕ ಮಣ್ಣು ಮೆತ್ತಿದ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತ ನಿಂತಿದ್ದಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ನಗುತ್ತ ನನಗೆ ಹೇಳಿದ. ಮೀಟರಿನ ತಾಮ್ರದ ನಳಿಗೆಯ ತುದಿ ಎಂಜಿನ್ನಿನ ತಲೆಯೊಳಗೆ ಕೂಡಬೇಕು. ಅದನ್ನು ಅವನು ಸೀಟಿನ ಕೆಳಗೆ ತಂತಿಯಿಂದ ಕಟ್ಟಿಟ್ಟಿದ್ದ. ಇಡೀ ಬೇಸಿಗೆ ಆ ಮುಳ್ಳು ಬರೀ ಗಾಳಿಯ ಬಿಸಿ ತೋರಿಸಿತ್ತು. ಇಷ್ಟು ಹೇಳಿ, ಮಜ್ಜಿಗೆ ಹಾಕು ಅಂದ.

ಮಜ್ಜಿಗೆಯ ಪಾತ್ರೆ ಅಲ್ಲೇ ಬಿಟ್ಟು ಎದ್ದೆ. ಅಕ್ಕನ ಕೈ ಹಿಡಿದು ಎಳೆದುಕೊಂಡು ಟ್ರ್ಯಾಕ್ಟರಿನ ಬಳಿ ಹೋದೆ, ಎಲ್ಲ ಹೇಳಿದೆ. ಸೀಟಿನ ಕೆಳಗೆ ಬಗ್ಗಿ ನೋಡಿದರೆ ಏನೂ ಇಲ್ಲ. ನಳಿಗೆಯ ತುದಿ ಎಲ್ಲಿರಬೇಕೋ ಅಲ್ಲೇ ಇತ್ತು. ಆ ಹಲ್ಕಟ್ ಮನುಷ್ಯ ಬೆಳಿಗ್ಗೆಯೇ ಎದ್ದು ತಿರುಗಿ ಕೂಡಿಸಿದ್ದ.

ಅಕ್ಕ ಕೈ ಬಿಡಿಸಿಕೊಂಡಳು.

"ನಾ ಮಾಡಿದ ತಪ್ಪಿಗೆ ಅವ ಅತ್ತಾನ. ಅಂಥಾವನ ಮ್ಯಾಲ ಹಿಂಗ ಹೇಳಾಕ ಹತ್ತಿಯಲ್ಲ, ನಿನ್ನ ಬಾಯಾಗ ಹುಳಾ ಬೀಳ್ತಾವ."

ಆಡಿದ ಮಾತಿನಂತೆ ಹೊಲವನ್ನು ಅವನಿಗೆ ಕೊಟ್ಟು ತವರಿಗೆ, ಮನೋಳಿಗೆ, ಹೋದಳು. ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಕೆಲವು ವರ್ಷಗಳ ಮೇಲೆ ಹಾಸಿಗೆ ಹಿಡಿದಿದ್ದಾಳೆ ಅಂತ ಸುದ್ದಿ ಬಂದಾಗ ಗಂಡ ಹೆಂಡತಿ ಇಬ್ಬರೂ ಹೋದೆವು. ನನ್ನನ್ನು ಒಳಗೆ ಬಾ ಅನ್ನಲಿಲ್ಲ, ಬಾಗಿಲಲ್ಲೇ ನಿಂತೆ. ಎಲುಬು ಮಾತ್ರ ಉಳಿದಿದ್ದ ಕೈಯಿಂದ ಆಕೆ ಅವನ ಕೈ ಹಿಡಿದಳು.

"ನಿಮ್ಮಣ್ಣನ ಟ್ರ್ಯಾಕ್ಟರ್ ಹಾಳ ಮಾಡೇನಿ. ಮನಸಿನ್ಯಾಗ ಇಟ್ಕೋಬ್ಯಾಡೋ ತಮ್ಮಾ."

"ಅದನ್ನ ಅವತ್ತ ಮರ್ತೇನ್ರಿ ವೈನಿ," ಅಂದ. ದನಿ ಕೂಡ ನಡುಗಲಿಲ್ಲ. ಆಕೆ ಸಮಾಧಾನದಿಂದ ಕಣ್ಣು ಮುಚ್ಚಿದಳು. ಮೂರನೆಯ ದಿನಕ್ಕೆ ಹೋದಳು. ಹೆಣಕ್ಕೆ ಮೊದಲು ಹೆಗಲು ಕೊಟ್ಟವನೂ ಅವನೇ.

ಈ ವರ್ಷ ಆ ಹೊಲದಲ್ಲಿ ಕಡಲೆ ಚೆನ್ನಾಗಿ ಬಂದಿದೆ. ದಿನವೂ ಅಲ್ಲಿಗೆ ಬುತ್ತಿ ಕಟ್ಟುವವಳು ನಾನೇ. ಕಟ್ಟುವಾಗ ಒಮ್ಮೊಮ್ಮೆ ಅನಿಸುತ್ತದೆ, ಅಕ್ಕ ಇರಬೇಕಿತ್ತು, ಬದುವಿನ ಮೇಲೆ ಇಬ್ಬರೂ ಕೂತು ಉಣ್ಣಬೇಕಿತ್ತು... ಇರಲಿ. ಆಕೆ ಇದ್ದಿದ್ದರೂ ನಾನು ಕೊಟ್ಟ ನೀರು ಮುಟ್ಟುತ್ತಿರಲಿಲ್ಲ.