ಮಾಳಪ್ಪಣ್ಣ ಬೆಲ್ ಬಾರಿಸಿದ

ತಲೆಗೆ ಎಣ್ಣೆ ಹಚ್ಚಿದ್ದಕ್ಕೆ ಕಂಪ್ಯೂಟರ್ ಕೈಕೊಟ್ಟದ್ದನ್ನು ಎಲ್ಲಾದರೂ ಕೇಳಿದ್ದೀರಾ? ನಾನು ಮೊನ್ನೆ ಭಾನುವಾರ ಕೊಣ್ಣೂರಿನಲ್ಲಿ ಕಣ್ಣಾರೆ ಕಂಡೆ.

ಅಲ್ಲಿ ನಮ್ಮ ದೊಡ್ಡಪ್ಪನ ಮಗ ಮಾಳಪ್ಪಣ್ಣ ಇದ್ದಾನೆ. ಕುರಿ ಹೊಡೆದುಕೊಂಡು ಹುಕ್ಕೇರಿ, ಮೂಡಲಗಿ ಎಲ್ಲ ತಿರುಗಿದ ಮನುಷ್ಯ. ಸ್ಟ್ರೋಕ್ ಆಗಿ ಕೈಕಾಲು ಹೋದವು, ಮಾತೂ ಹೋಯಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ನಾವು ಕೇಳಬೇಕು, ಅವನು ಕಣ್ಣು ಮಿಟುಕಿಸಬೇಕು. ಒಮ್ಮೆ ಅಂದರೆ ಹೌದು, ಎರಡು ಸಲ ಅಂದರೆ ಅಲ್ಲ. ಯಾರೂ ಕೇಳದಿದ್ದರೆ? ಸುಮ್ಮನೆ ಜಂತಿ ನೋಡುತ್ತ ಮಲಗಬೇಕು. ತಾನಾಗಿ ಯಾರನ್ನೂ ಕರೆಯುವಂತಿಲ್ಲ.

ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜಿನ ಮೇಡಂ ಒಬ್ಬರು ಇಂಥವರಿಗಾಗಿ ಒಂದು ಟೊಪ್ಪಿಗೆ ಮಾಡುತ್ತಿದ್ದಾರೆ. ಅವರನ್ನು ಕರೆದುಕೊಂಡು ಹೋದವನು ನಾನೇ. (ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೊಬ್ಬನೇ. ಇಂಗ್ಲಿಷ್ ಅಡ್ಡ ಬಂದಲ್ಲೆಲ್ಲ ಫೋನ್ ನನಗೇ. ಬರಲಿ ಬಿಡಿ, ಖುಷಿಯೇ.) ಕೈ ಆಡಿಸುತ್ತೇನೆ ಅಂದುಕೊಂಡರೆ ಸಾಕು, ಕೈ ಆಡದಿದ್ದರೂ ಮಿದುಳಿನಲ್ಲಿ ವಿದ್ಯುತ್ತಿನ ಸಣ್ಣ ಏರಿಳಿತ ಆಗುತ್ತದಂತೆ. ಟೊಪ್ಪಿಗೆಯೊಳಗಿನ ಬಿಲ್ಲೆಗಳು ಅದನ್ನು ಹಿಡಿಯುತ್ತವೆ. ಕಂಪ್ಯೂಟರ್ ಬೆಲ್ ಬಾರಿಸುತ್ತದೆ. ಬೇರೆ ದೇಶಗಳಲ್ಲಿ ತಲೆಯೊಳಗೇ ಚಿಪ್ ಇಟ್ಟುಕೊಂಡವರು ಬರೀ ಮನಸ್ಸಿನಿಂದ ಪರದೆಯ ಮೇಲೆ ಅಕ್ಷರ ಮೂಡಿಸುತ್ತಿದ್ದಾರೆ. ನಮಗೆ ಒಂದು ಬೆಲ್ ಸಾಕಿತ್ತು.

ಟೊಪ್ಪಿಗೆ ಹಾಕಿದರು. ಪರದೆಯ ಮೇಲೆ ಬರೀ ಗೀಚು. ಮತ್ತೆ ಬಿಗಿದರು. ಅದೇ ಗೀಚು. ಮೇಡಂ ಅಣ್ಣನ ನೆತ್ತಿ ಮುಟ್ಟಿ ಬೆರಳು ನೋಡಿಕೊಂಡರು. ಹಳದಿ, ಜಿಡ್ಡು.

ಒಳ್ಳೆಯ ಕೆಲಸಕ್ಕೆ ಮೊದಲು ನೆತ್ತಿಗೆ ಎಣ್ಣೆ ಒತ್ತಿ, ನೆತ್ತಿಗೂ ಹಣೆಗೂ ದೇವರ ಭಂಡಾರ, ಅಂದರೆ ಅರಿಷಿಣದ ಪುಡಿ, ಹಚ್ಚುವುದು ನಮ್ಮ ಮನೆಯ ಪದ್ಧತಿ. ಅಣ್ಣನ ಹೆಂಡತಿ ಸಿದ್ದವ್ವ ವೈನಿ ಬೆಳಿಗ್ಗೆ ಎರಡರಲ್ಲೂ ಕೈ ಬಿಗಿಹಿಡಿದಿರಲಿಲ್ಲ.

"ಇದನ್ನ ತೊಳೀಬೇಕಾಗ್ತದ್ರಿ," ಎಂದರು ಮೇಡಂ, ಅಂಜುತ್ತಲೇ.

ವೈನಿಯ ಮುಖ ಸಣ್ಣದಾಯಿತು. ದೇವರ ಅರಿಷಿಣ ತೊಳೆಯುವುದೆ? ಹಾಸಿಗೆಯ ಕಡೆ ತಿರುಗಿದರು. "ಏನ್ರಿ, ತೊಳೀಲೇನು?"

ಅಣ್ಣ ಒಮ್ಮೆ ಮಿಟುಕಿಸಿದ.

"ಹಂಗಾರ ಹಣಿ ದೇವ್ರಿಗಿರ್ಲಿ, ನೆತ್ತಿ ಮಷಿನ್‌ಗೆ ಕೊಡೂಣು," ಎಂದು ವೈನಿ ಬಿಸಿನೀರು, ಶಾಂಪೂ ತಂದರು.

ಈ ಸಲ ಗೆರೆಗಳು ಸರಿಯಾಗಿ ಮೂಡಿದವು. ಮುಷ್ಟಿ ಬಿಗಿದಂತೆ ಅಂದುಕೊಳ್ಳಿ ಎಂದರು ಮೇಡಂ. "ಆಡಿನ ಹಾಲ ಹಿಂಡಿದಂಗ ನೆನಸ್ಕೋರಿ," ಎಂದು ವೈನಿ ಬಿಡಿಸಿ ಹೇಳಿದರು. ಬೆಲ್ ಒಮ್ಮೆ ತಾನಾಗಿ ಹೊಡೆದುಕೊಂಡಿತು, ಒಮ್ಮೆ ಸುಮ್ಮನೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಹೆಚ್ಚುಕಮ್ಮಿ ಹೇಳಿದ ಮಾತು ಕೇಳತೊಡಗಿತು.

ಊಟವಾದ ಮೇಲೆ ಓಣಿಯೇ ಬಂದು ಸೇರಿತು. "ಮನಸ್ನ್ಯಾಗಿಂದೆಲ್ಲಾ ಓದ್ತೈತೇನ್ರಿ ಇದು?" ಎಂದಳು ಬಾಜೂ ಮನೆಯ ಗಂಗವ್ವ. "ಹಂಗಿದ್ರ ನಮ್ಮ ಮನಿಯವ್ರಿಗೂ ಒಂದ ಟೊಪ್ಪಿಗಿ ತರಸ್ರಿ."

ಹಾಗಲ್ಲ ಎಂದು ನಾನು ವಿವರಿಸಲು ನಿಂತೆ. ಮಿದುಳು, ನರ, ಅಲೆ, ಸಿಗ್ನಲ್. (ಡಿಗ್ರಿ ಮಾಡಿದ್ದು ಮತ್ತೆ ಯಾತಕ್ಕೆ?) ಗಂಗವ್ವ ಆಕಳಿಸಿದಳು. ನಾನು ಬಿಡಲಿಲ್ಲ.

ಟಿಂಗ್.

ಈ ಸಲ ಬಾರಿಸು ಎಂದು ಯಾರೂ ಹೇಳಿರಲಿಲ್ಲ. ವೈನಿ ಒಳಗಿನಿಂದ ಓಡಿ ಬಂದರು. "ನೀವ ಬಾರಿಸಿದ್ರೇನು?" ಒಂದು ಮಿಟುಕು. "ನೀರ ಬೇಕೇನ್ರಿ?" ಎರಡು. "ಮಗ್ಗಲಾ ಹೊಳ್ಳಸ್ಲೇನು?" ಎರಡು. ವೈನಿ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. "ಈ ತಮ್ಮನ ಮಾತ ನಿಂದ್ರಸ್ಬೇಕೇನ್ರಿ?"

ಅಣ್ಣ ಒಮ್ಮೆ, ಗಟ್ಟಿಯಾಗಿ, ಮಿಟುಕಿಸಿದ.

ಓಣಿಯೆಲ್ಲ ನಕ್ಕಿತು. "ಮಂದಿ ಮುಂದ ತಮ್ಮಗ ಹಿಂಗ ಮಾಡ್ತಾರೇನು? ನಾಚಿಕಿ ಬರಂಗಿಲ್ಲ ನಿಮಗ," ಎಂದು ವೈನಿ ಬೈದರು. ಅವನು ಹಾಸಿಗೆ ಹಿಡಿದ ಮೇಲೆ ಆಕೆ ಗಂಡನನ್ನು ಬೈದದ್ದು ಅದೇ ಮೊದಲು.

ಸಂಜೆ ಮೇಡಂ ಟೊಪ್ಪಿಗೆ ವಾಪಸ್ ಒಯ್ದರು. ಇನ್ನೂ ಪ್ರಯೋಗದ್ದು, ಮತ್ತೆ ತರುತ್ತಾರೆ. ಇಂಥವರಿರುವ ಎಲ್ಲ ಮನೆಗೂ ಅದು ಬರಲು ಕಾಲ ಬೇಕು. ಆದರೆ ಬರುತ್ತದೆ. ನಮ್ಮ ಮನೆಗೆ ಡಿಗ್ರಿ ಬರಲಿಲ್ಲವೆ?

ಇಷ್ಟು ದಿನ ಅಣ್ಣನ ಪಾಲಿಗೆ ಇದ್ದದ್ದು ಉತ್ತರ ಮಾತ್ರ. ಅಂದು ಮಾತನ್ನು ಅವನೇ ಶುರು ಮಾಡಿದ, ನನ್ನದನ್ನು ನಿಲ್ಲಿಸಿ.

ಕೈಕಾಲು, ಬಾಯಿ ಎಲ್ಲ ನೆಟ್ಟಗಿದ್ದೂ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವರು ನಿಮ್ಮ ಮನೆಯಲ್ಲಿ ಯಾರೂ ಇಲ್ಲ ತಾನೆ?